ಬಾಣಂತಿ ಕೋಣೆಯ ಕೆಂಚಿ

ದೊರೆಗಳು ದೇಶ ಬಿಟ್ಟು ಹೊರಟ ವರ್ಷ ಬಳ್ಳಾರಿ ಕಂಟೋನ್ಮೆಂಟಿನ ಬಂಗಲೆಗಳಿಂದ ಸಾಮಾನು ಬಂಡಿಗಟ್ಟಲೆ ಹೊರಗೆ ಬಂತು. ಕಚೇರಿಯ ಶಿರಸ್ತೇದಾರರು ತೂಗುಕುರ್ಚಿ ಗಿಟ್ಟಿಸಿದರು. ಗುಮಾಸ್ತ ಚಿದಾನಂದಪ್ಪ ಗೋಡೆ ಗಡಿಯಾರ ಹೊಡೆದುಕೊಂಡ. ಅದೇ ಕಚೇರಿಯಲ್ಲಿ ಇಪ್ಪತ್ತು ವರ್ಷ ಕುರ್ಚಿ ಸವೆಸಿದ ನಮ್ಮ ಯಜಮಾನರು (ಹೆಸರು ನಾನು ಹೇಳಬಾರದು) ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಹೊತ್ತು ತಂದದ್ದು ಒಂದು ಜಾಲರಿ ಪೆಟ್ಟಿಗೆ. ಒಳಗೆ ಎರಡು ಇಲಿ.

"ಇಲಿ ಅಲ್ಲಲೇ, ಸೀಮಿ ಇಲಿ, ಗಿನಿಪಿಗ್," ಎಂದರು, ಅದೇನೋ ಮಹಾ ವ್ಯತ್ಯಾಸ ಎನ್ನುವಂತೆ. "ದೊರೆಸಾನಿ ತಾನ ಬಂದು ಕೈಯಾಗ ಕೊಟ್ಟಳು. ಬ್ಯಾಡ ಅನ್ನಾಕ ನಾಲಿಗಿ ಏಳಲಿಲ್ಲ."

"ಏಳ್ತೈತಿ ಬಿಡ್ರಿ, ಸಾರಿಗೆ ಉಪ್ಪು ಕಮ್ಮಿ ಆದಾಗ ಚಲೋ ಏಳ್ತೈತಿ," ಎಂದೆ.

ಊರವರೆಲ್ಲ ಇಲಿ ಹಿಡಿಯಲು ಬೋನು ಇಟ್ಟರೆ ಈ ಮಹಾನುಭಾವರು ಬೋನಿನ ಸಮೇತ ಇಲಿ ಮನೆಗೆ ತಂದಿದ್ದರು. ಬಗ್ಗಿ ನೋಡಿದೆ. ಬಾಲವಿಲ್ಲ, ಕುತ್ತಿಗೆಯಿಲ್ಲ, ಉಣ್ಣೆಯ ಉಂಡೆಗೆ ಕಣ್ಣು ಇಟ್ಟ ಹಾಗೆ. ಒಂದು ಕಪ್ಪು, ಒಂದು ಕೆಂಚು. ಕಪ್ಪು ಗಂಡಿಗೆ ಕರಿಯ, ಕೆಂಚು ಹೆಣ್ಣಿಗೆ ಕೆಂಚಿ ಎಂದು ಯಜಮಾನರೇ ಹೆಸರಿಟ್ಟರು. ಆಮೇಲೆ ಕೋಟಿನ ಜೇಬಿನಿಂದ ಒಂದು ಇಂಗ್ಲಿಷ್ ಚೀಟಿ ತೆಗೆದು, ನನಗೆ ಕಚೇರಿಯ ಹುಕುಂ ಓದಿ ಹೇಳಿದ ಹಾಗೆ ಕನ್ನಡದಲ್ಲಿ ಓದಿದರು. ಒಣಹುಲ್ಲು ಸದಾ ಮುಂದಿರಬೇಕಂತೆ. ದಿನಾ ಹಸಿಹುಲ್ಲು, ತೊಳೆದ ಸೊಪ್ಪು, ಒಂದು ಚೂರು ಗಜ್ಜರಿಯೋ ಹಣ್ಣೋ. ನೀರು ದಿನವೂ ಹೊಸದು. ಹಾಲು, ರೊಟ್ಟಿ, ಬೆಣ್ಣೆ, ಸಿಹಿ ಖಂಡಿತ ಕೂಡದು.

ನನಗೆ ಮೈಯೆಲ್ಲ ಉರಿಯಿತು. ನಮ್ಮ ಮನೆಗೆ ಬಂದ ಜೀವಕ್ಕೆ ಏನು ತಿನ್ನಿಸಬೇಕು ಎಂದು ಹೊರಗಿನವರು ಚೀಟಿ ಬರೆದು ಕೊಡುವುದೇ? ಪೇಟೆಯಲ್ಲಿ ಯಾರನ್ನಾದರೂ ಕೇಳಿ, ಚನ್ನವೀರಮ್ಮ ಎಂದರೆ ಬಾಣಂತನದ ಚನ್ನವೀರಮ್ಮ. ಈ ಕೈಯಲ್ಲಿ ಮೂವತ್ತೊಂದು ಬಾಣಂತನ ಆಗಿವೆ. ಒಂದು ಬಾಣಂತಿಗೂ ನಡು ಹಿಡಿದಿಲ್ಲ, ಒಂದು ಕೂಸಿಗೂ ಥಂಡಿ ಮುಟ್ಟಿಲ್ಲ. ಆದರೂ ಹೋಗಲಿ ಎಂದು ಎರಡು ತಿಂಗಳು ಚೀಟಿಯಂತೆಯೇ ಹುಲ್ಲು ಸೊಪ್ಪು ಹಾಕಿದೆ. ಸೊಪ್ಪು ಮಾರುವ ಹುಲುಗಮ್ಮ ಬೀದಿಯ ಆ ತುದಿಯಲ್ಲಿ ಕೂಗಿದರೆ ಸಾಕು, ಎರಡೂ ಜಾಲರಿಗೆ ಕಾಲು ಕೊಟ್ಟು ನಿಂತು "ಕುಂಯ್ ಕುಂಯ್" ಎಂದು ಮನೆ ಹಾರಿಸುತ್ತಿದ್ದವು. ನನಗೂ ಸ್ವಲ್ಪ ಸ್ವಲ್ಪ ಪ್ರೀತಿ ಹತ್ತಿತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ನನ್ನ ಮಗಳು ಗುರುಬಸಮ್ಮ ಚೊಚ್ಚಲ ಹೆರಿಗೆಗೆ ಬಂದಳು. ಅವಳನ್ನು ಕೊಟ್ಟದ್ದು ಸಿರುಗುಪ್ಪದ ಹತ್ತಿರ ದೇಶನೂರಿಗೆ. ಕಾಲುವೆ ನೀರಿನ ಊರು, ಭತ್ತದ ಗದ್ದೆಯ ಮನೆ, ಅಳಿಯ ಮರಿಬಸಪ್ಪ ಬಂಗಾರದಂಥ ಹುಡುಗ. ಸಿರುಗುಪ್ಪದಿಂದ ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದವಳು ಇಳಿದ ಕೂಡಲೇ ನನ್ನನ್ನು ಮಾತಾಡಿಸಲಿಲ್ಲ, ಹೋಗಿ ಕೆಂಚಿಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

"ಅವ್ವ, ಇದಕ್ಕೂ ಹೊಟ್ಟಿ ಬಂದೈತಿ!" ಎಂದು ನಕ್ಕಳು.

ಮಗಳಿಗೆ ಗಂಡುಮಗು ಹುಟ್ಟಿತು. ನಾಲ್ಕನೆಯ ದಿನಕ್ಕೆ ಕೆಂಚಿ ಮೂರು ಮರಿ ಹಾಕಿತು. ಇಲಿಮರಿ ಎಂದರೆ ಕಣ್ಣು ಮುಚ್ಚಿದ ಮಾಂಸದ ಚೂರು ಎಂದುಕೊಂಡಿದ್ದೆ. ಇವಕ್ಕೋ ಮೈತುಂಬ ಕೂದಲು, ತೆರೆದ ಕಣ್ಣು, ಬಾಯಲ್ಲಿ ಹಲ್ಲು. ಹುಟ್ಟಿದ ಮಧ್ಯಾಹ್ನವೇ ಓಡಾಡಿದವು. "ನೋಡ್ರಿ, ನಿಮ್ಮ ಮೊಮ್ಮಗ ಇನ್ನೂ ಕುತ್ತಿಗಿ ನಿಂದ್ರಸವಲ್ಲ," ಎಂದು ಯಜಮಾನರನ್ನು ಕೆಣಕಿದೆ. ಅವರು ಮರಿಗಳನ್ನು ಧೋತರದ ಸೆರಗಿನಲ್ಲಿ ಹಾಕಿಕೊಂಡು ಪೇಟೆಗೆಲ್ಲ ತೋರಿಸಿ ಬಂದರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಇವರು ಹೆರದೆಯೇ ಹಾಗಾಗಿದ್ದರು.

ಈಗ ನೀವೇ ಹೇಳಿ, ಬಾಣಂತಿ ಎಂದ ಮೇಲೆ ಬಾಣಂತಿಯೇ ಅಲ್ಲವೇ? ನಾಲ್ಕು ಕಾಲಾದರೇನು, ಎರಡು ಕಾಲಾದರೇನು? ಅಂಗಳದಲ್ಲಿ ಬೆಕ್ಕಿನ ಕಾಟ ಬೇರೆ. ಕೆಂಚಿಯ ಪೆಟ್ಟಿಗೆಯನ್ನು ಬಾಣಂತಿ ಕೋಣೆಗೇ ತಂದಿಟ್ಟೆ. ಕರಿಯನನ್ನು ಪಡಸಾಲೆಯ ಇನ್ನೊಂದು ಪೆಟ್ಟಿಗೆಗೆ ಹಾಕಿದೆ. ಕೆಂಚಿಗೆ ಹಸಿಹುಲ್ಲು ಬಂದ್, ಸೊಪ್ಪು ಬಂದ್. ಬಿಸಿರೊಟ್ಟಿ ತುಪ್ಪದಲ್ಲಿ ಕಲಸಿ ಇಟ್ಟೆ. ಒಣಕೊಬ್ಬರಿ, ಬೆಲ್ಲ, ಒಂದು ಚೂರು ಅಂಟಿನುಂಡೆ. ಸಂಜೆ ಮಗಳಿಗೂ ಕೂಸಿಗೂ ಅಜವಾನದ ಹೊಗೆ ಹಾಕಿದ ಮೇಲೆ ಪೆಟ್ಟಿಗೆಯ ಮುಂದೂ ಒಂದು ಸಲ ಆಡಿಸುತ್ತಿದ್ದೆ. ಕೆಂಚಿ ಸೀನುತ್ತಿತ್ತು. ಕಿವಿಗೆ ಗಾಳಿ ಹೋಗಬಾರದೆಂದು ತಲೆಗೆ ಬಟ್ಟೆ ಕಟ್ಟಲೂ ನೋಡಿದೆ. ಕಿತ್ತು ಬಿಸಾಡಿತು. ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ!

"ಚೀಟಿಯಾಗ ರೊಟ್ಟಿ ಕೂಡದು ಅಂತ ಐತಲ್ಲೇ," ಎಂದರು ಯಜಮಾನರು.

"ಚೀಟಿ ಬರದಾಕಿ ಎಷ್ಟು ಬಾಣಂತನ ಮಾಡ್ಯಾಳ? ಕೇಳಿ ಬರ್ರಿ ಹೋಗ್ರಿ," ಎಂದೆ. ದೊರೆಸಾನಿ ಆಗಲೇ ಹಡಗು ಹತ್ತಿ ತಿಂಗಳುಗಳಾಗಿದ್ದವು. ಯಜಮಾನರು ಮರಿಗಳನ್ನು ಎತ್ತಿಕೊಂಡು ಹೋಗಿ, ಕರಿಯನ ಪೆಟ್ಟಿಗೆಯಲ್ಲಿ ಹುಲ್ಲು ಮೇಯಿಸಿ ತಂದು ಬಿಡತೊಡಗಿದರು.

ತಕರಾರು ತೆಗೆದವಳು ಮಗಳು. ಅವಳು ಮಲಗುವ ಹೊರಸಿನ ಕೆಳಗೆ ಕೆಂಡ, ತಲೆಗೆ ಬಟ್ಟೆ, ಬಾಗಿಲು ಮುಚ್ಚಿದ ಕೋಣೆ, ಊಟಕ್ಕೆ ರೊಟ್ಟಿ, ಬೆಳ್ಳುಳ್ಳಿ, ಮೆಣಸಿನ ಸಾರು. ಬಸುರಿಯಾಗಿದ್ದಾಗಲೇ ಅವಳ ಒಸಡು ಮೆತ್ತಗಾಗಿತ್ತು. ಈಗ ಹಲ್ಲುಜ್ಜಿದರೆ ಉಗುಳು ಕೆಂಪಗೆ ಬರುತ್ತಿತ್ತು. ಮುಖ ಬಾಡಿತ್ತು.

"ಅವ್ವ, ಎರಡೆಳಿ ಹಸಿ ಹಕ್ಕರಿಕಿ ಸೊಪ್ಪು ಕೊಡವ್ವ. ರೊಟ್ಟಿ ಗಂಟಲಾಗ ಇಳಿಯವಲ್ದು."

"ಬಾಯಿ ಮುಚ್ಚು. ಹಸಿದು ತಿಂದ್ರ ಕೂಸಿಗೆ ಥಂಡಿ ಹತ್ತತೈತಿ."

"ದೇಶನೂರಾಗ ಎಲ್ಲಾರೂ ತಿಂತಾರ."

"ದೇಶನೂರಾಗ ಹಡಿಯಬೇಕಿತ್ತು ಹಂಗಾರ!"

ಆ ಮಾತು ಆಡಬಾರದಿತ್ತು. ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. ಆದರೂ ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂದು ಅವಳಿಗೆ ಹೇಳಿರಲಿಲ್ಲ, ನಿಮಗೆ ಹೇಳುತ್ತೇನೆ. ಅವಳಿಗಿಂತ ಮೊದಲು ನನಗೊಂದು ಗಂಡುಮಗು ಆಗಿತ್ತು. ಹದಿನೆಂಟನೆಯ ದಿನ ನಾನು ಆಸೆ ತಡೆಯಲಾರದೆ, ಕದ್ದು ಅರ್ಧ ಪೇರಲಹಣ್ಣು ತಿಂದೆ. ಇಪ್ಪತ್ತೊಂದನೆಯ ದಿನ ಕೂಸು ಎದೆ ಕಟ್ಟಿ ತೀರಿಕೊಂಡಿತು. ಹಣ್ಣಿನ ಸಂಗತಿ ಹೇಗೋ ತಿಳಿದಿದ್ದ ಅತ್ತೆ ಒಂದೇ ಮಾತು ಅಂದಳು: "ನಿನ್ನ ಬಾಯಿಚಪಲ ನನ್ನ ಮೊಮ್ಮಗನ್ನ ತಿಂತು." ಆಮೇಲೆ ಅವಳೂ ಅದನ್ನು ಮರೆತಳು, ನನ್ನನ್ನು ಮಗಳಂತೆ ನೋಡಿಕೊಂಡು ಸತ್ತಳು. ನಾನು ಮರೆಯಲಿಲ್ಲ. ಮೂವತ್ತೊಂದು ಬಾಣಂತನ ಬಿಗಿಯಾಗಿ ಮಾಡಿದ್ದು ಯಾವ ಹೆಚ್ಚುಗಾರಿಕೆಗೂ ಅಲ್ಲ, ಆ ಹೆದರಿಕೆಗೆ. ಅದೇ ಹೆದರಿಕೆಯಿಂದ ದಿನಕ್ಕೆ ಹತ್ತು ಸಲ ಮೊಮ್ಮಗನ ಎದೆಗೆ ಕಿವಿ ಇಟ್ಟು ನೋಡುತ್ತಿದ್ದೆ.

ಎರಡು ವಾರ ಕಳೆಯುವಷ್ಟರಲ್ಲಿ ಕೆಂಚಿಯ ಮೈ ಕೆಟ್ಟಿತು. ಕೂದಲು ಒರಟಾಯಿತು, ಹಿಂಗಾಲು ಎಳೆಯತೊಡಗಿತು, ತುಪ್ಪದ ರೊಟ್ಟಿ ಮೂಸಿ ಬಿಟ್ಟಿತು. ಮರಿಗಳು ಮೊಲೆಗೆ ಬಂದರೆ ಸರಿದು ಮಲಗುತ್ತಿತ್ತು. ಹುಲುಗಮ್ಮ ಬಾಗಿಲಿಗೆ ಬಂದಾಗ ಕರೆದು ತೋರಿಸಿದೆ. ಅವಳು ಆಡು ಕುರಿ ಕಂಡವಳು. ಬಾಯಿ ತೆರೆದು ನೋಡಿದಳು, ಕಾಲು ಒತ್ತಿದಳು. ಕೆಂಚಿ ಕಿರುಚಿತು.

"ಏನು ಹಾಕ್ತೀರಿ ಅಮ್ಮಾರ?"

ಹೇಳಿದೆ. ಹುಲುಗಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. "ಅಯ್ಯ ನಮ್ಮವ್ವ! ಹುಲ್ಲು ತಿನ್ನೋ ಜೀವಕ್ಕ ಅಂಟಿನುಂಡಿನಾ? ಹಸಿದು ಹಾಕ್ರಿ, ಇಲ್ಲಾಂದ್ರ ನಾಕು ದಿನ ಉಳಿಯಂಗಿಲ್ಲ."

"ಅವ್ವ, ಅದಕ್ಕಾದ್ರೂ ಹಾಕವ್ವ," ಎಂದಳು ಮಗಳು ಹೊರಸಿನ ಮೇಲಿಂದ, ಬಹಳ ಮೆತ್ತಗೆ.

ಮೂರು ಮರಿ ತಬ್ಬಲಿ ಮಾಡಿದ ಪಾಪ ಯಾರಿಗೆ ಬೇಕು? ಒಪ್ಪಿದೆ. ಅದರ ಜಾತಿ ಬೇರೆ, ನಮ್ಮ ಜಾತಿ ಬೇರೆ, ಕೆಂಚಿಗೆ ಮಾತ್ರ, ಎಂದು ಜೋರಾಗಿ ಎಲ್ಲರಿಗೂ ಕೇಳುವಂತೆ ಹೇಳಿಯೇ ಒಪ್ಪಿದೆ. ಹಕ್ಕರಿಕೆ, ಕೊತ್ತಂಬರಿ, ಮೂಲಂಗಿ ಸೊಪ್ಪು ಎರಡು ನೀರಿನಲ್ಲಿ ತೊಳೆದು, ನೀರು ಸೋರಿಸಿ, ಬುಟ್ಟಿಗೆ ಹಾಕಿ ಪೆಟ್ಟಿಗೆಯ ಪಕ್ಕ ಇಟ್ಟೆ. ಒಂದು ಗಜ್ಜರಿ ಹೆಚ್ಚಿ ಹಾಕಿದೆ. ಬೊಗಸೆ ಒಣಹುಲ್ಲು ಬೇರೆ. ಕೆಂಚಿ ಮೊದಲ ದಿನ ಎರಡು ಎಲೆ ತಿಂದಿತು, ಮೂರನೆಯ ದಿನ ಎದ್ದು ಕೂತಿತು, ಐದನೆಯ ದಿನ ಹುಲುಗಮ್ಮನ ಕೂಗಿಗೆ "ಕುಂಯ್" ಎಂದಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಯಜಮಾನರಿಗೆ ಆವತ್ತು ಕೇಳದೆಯೇ ಮಂಡಕ್ಕಿ ಒಗ್ಗರಣೆ ಮಾಡಿಕೊಟ್ಟೆ.

ಆಮೇಲಂತೂ ಅದರ ಹಸಿವು ಹೇಳತೀರದು. ಬೆಳಿಗ್ಗೆ ಇಟ್ಟ ಬುಟ್ಟಿ ಮಧ್ಯಾಹ್ನಕ್ಕೆ ಖಾಲಿ. ಒಂದು ಕಟ್ಟು ಹೋಗಿ ಎರಡಾಯಿತು, ಎರಡು ಹೋಗಿ ನಾಲ್ಕಾಯಿತು. "ಬಾಣಂತಿ ಹೊಟ್ಟಿ ಅಂದ್ರ ಹಿಂಗ ಇರಬೇಕು ನೋಡು. ಕೆಂಚಿನ್ನ ನೋಡಿ ಕಲಿ," ಎಂದು ಮಗಳಿಗೆ ಬುದ್ಧಿ ಹೇಳಿದೆ.

"ಹೂಂ ಅವ್ವ, ಕಲಿತೀನಿ," ಎಂದಳು.

ಹುಲುಗಮ್ಮನಿಗೆ ಮಾತ್ರ ಅನುಮಾನ. "ಅಮ್ಮಾರ, ಒಳಗ ಇರೋದು ಇಲಿನೋ ಎಮ್ಮಿನೋ?"

ಮಗಳೂ ಗೆಲುವಾದಳು. ಕೆನ್ನೆಗೆ ಬಣ್ಣ ಬಂತು, ಉಗುಳು ತಿಳಿಯಾಯಿತು, ಕೂಸಿಗೆ ಎದೆಹಾಲು ಸಾಕಾಗಿ ಉಳಿಯುತ್ತಿತ್ತು. ಎಲ್ಲ ನನ್ನ ಅಂಟಿನುಂಡೆಯ ಮಹಿಮೆ ಎಂದು ಪೇಟೆಯಲ್ಲಿ ಹೇಳಿಕೊಂಡು ಬಂದೆ. ಮೂರು ಮನೆಯವರು ಅಳತೆ ಕೇಳಿಕೊಂಡು ಹೋದರು.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಆಗಷ್ಟೇ ಬುಟ್ಟಿ ತುಂಬಿ ಇಟ್ಟು ಬಂದಿದ್ದೆ. ಕೆಂಚಿ ಜೀವ ಹೋಗುವ ಹಾಗೆ ಕೂಗತೊಡಗಿತು. ಬೆಕ್ಕು ಹೊಕ್ಕಿತು ಎಂದು ಕೈಯಲ್ಲಿದ್ದ ಹಿಟ್ಟಿನ ಸಮೇತ ಓಡಿ ಕದ ನೂಕಿದೆ.

ಬೆಕ್ಕು ಇರಲಿಲ್ಲ. ನನ್ನ ಮಗಳು ತಲೆಯ ಬಟ್ಟೆ ಬಿಚ್ಚಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದಳು. ಮಡಿಲಲ್ಲಿ ಬುಟ್ಟಿ. ಬಾಯಿಂದ ಹಕ್ಕರಿಕೆ ಎಲೆ ಆಡಿನ ಬಾಯಿಂದ ಇಳಿದ ಹಾಗೆ ಇಳಿದಿತ್ತು. ಕೆಂಚಿ ಅವಳ ತೊಡೆಯ ಮೇಲೆ ಎರಡು ಕಾಲು ಇಟ್ಟು, ತನ್ನ ಪಾಲಿಗೆ ಬಾಯಿ ಬಾಯಿ ಬಡಿದುಕೊಳ್ಳುತ್ತಿತ್ತು.

ನನ್ನನ್ನು ಕಂಡ ಕೂಡಲೇ ಅವಳು ಕೈಯಲ್ಲಿದ್ದ ಕಟ್ಟನ್ನು ಬೆನ್ನ ಹಿಂದೆ ಸರಿಸಿದಳು. ಒಂದು ಮಗುವಿನ ತಾಯಿ, ಆರು ವರ್ಷದ ಹುಡುಗಿಯ ಹಾಗೆ.

"ಒಂದ ಎಳಿ ಅವ್ವ. ಉಳಿದದ್ದೆಲ್ಲ ಕೆಂಚಿನ ತಿಂತು."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಪೇಟೆಗೆಲ್ಲ ಉಣಿಸುವ ನನ್ನ ಮನೆಯಲ್ಲಿ ನನ್ನ ಮಗಳು ಇಲಿಯ ಪಾಲು ಕದ್ದು ತಿನ್ನುತ್ತಿದ್ದಳು, ಅದೂ ನನಗೆ ಹೆದರಿ. ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಅದರ ಹಿಂದೆಯೇ ಹಳೆಯ ಹೆದರಿಕೆ ಬಂತು.

"ಎಷ್ಟು ದಿನ ಆತು?"

"ಬೈಬ್ಯಾಡವ್ವ."

"ಬೈಯಂಗಿಲ್ಲ ನನ್ನ ತಾಯಿ. ಎಷ್ಟು ದಿನ ಆತು, ಅಷ್ಟು ಹೇಳು."

"ನೀ ಕೆಂಚಿಗೆ ಹಾಕಾಕ ಹತ್ತಿದ ದಿನದಿಂದ. ಹನ್ನೆರಡು ದಿನ."

ತೊಟ್ಟಿಲಿಗೆ ಓಡಿದೆ. ಹಿಟ್ಟಿನ ಕೈಯಲ್ಲೇ ಕೂಸಿನ ಹಣೆ ಮುಟ್ಟಿದೆ, ಮೂಗು ನೋಡಿದೆ, ಎದೆಗೆ ಕಿವಿ ಇಟ್ಟೆ. ಹಣೆ ಬೆಚ್ಚಗೆ, ಮೂಗು ಒಣಗಿತ್ತು, ಉಸಿರು ಸಲೀಸಾಗಿ ಹೋಗಿ ಬರುತ್ತಿತ್ತು. ಹಣೆಗೆ ಹಿಟ್ಟು ಹತ್ತಿಸಿಕೊಂಡು ನಿದ್ದೆಯಲ್ಲೇ ಬಾಯಿ ಚಪ್ಪರಿಸಿತು. ಹನ್ನೆರಡು ದಿನ! ನಾನು ತಿಂದದ್ದು ಒಂದೇ ದಿನ, ಅರ್ಧ ಹಣ್ಣು. ಹಾಗಾದರೆ ನನ್ನ ಮಗನನ್ನು ನಾನು ಕೊಂದಿರಲಿಲ್ಲ. ಇಪ್ಪತ್ತೆರಡು ವರ್ಷ ಯಾರಿಗೂ ಹೇಳದೆ ಹೊತ್ತುಕೊಂಡು ತಿರುಗಿದ್ದು ನಾನು ಮಾಡಿದ ಪಾಪವೇ ಅಲ್ಲ.

ತೊಟ್ಟಿಲ ಬುಡದಲ್ಲಿ ಕೂತು ದೊಡ್ಡ ದನಿ ತೆಗೆದು ಅತ್ತೆ. ಮಗಳು ಗಾಬರಿಯಾಗಿ "ಇನ್ನ ತಿನ್ನಂಗಿಲ್ಲವ್ವ, ಆಣಿ ಮಾಡ್ತೀನಿ," ಎಂದು ನನ್ನನ್ನು ತಬ್ಬಿಕೊಂಡಳು. "ತಿನ್ನು, ತಿನ್ನಲೇ, ಹೊಟ್ಟಿ ತುಂಬ ತಿನ್ನು," ಎಂದು ಬುಟ್ಟಿಯನ್ನು ಅವಳ ಕಡೆ ನೂಕಿದೆ. ಯಜಮಾನರು ಪಡಸಾಲೆಯಿಂದ ಓಡಿ ಬಂದರು. ಸೆರಗಿನಲ್ಲಿ ಮೂರು ಮರಿ. ನನ್ನ ಅಳು, ತೊಟ್ಟಿಲು ಎರಡನ್ನೂ ನೋಡಿ ಅವರ ಮುಖ ಸುಣ್ಣವಾಯಿತು. ಅವರೂ ತೀರಿಕೊಂಡ ಆ ಕೂಸಿನ ತಂದೆಯಲ್ಲವೇ, ಅವರಿಗೂ ಅದೇ ನೆನಪಾಗಿರಬೇಕು.

"ಏನಾತಲೇ? ಕೂಸಿಗೆ ಏನಾತು?"

"ಏನೂ ಆಗಿಲ್ರೀ," ಎಂದೆ. ಅಳುವಿನ ನಡುವೆ ನಗು ಬಂತು, ತಡೆಯಲು ಆಗಲೇ ಇಲ್ಲ. "ಹನ್ನೆರಡು ದಿನ ಹಸಿ ಸೊಪ್ಪು ತಿಂದಾಳ. ಕೂಸಿಗೆ ಏನೂ ಆಗಿಲ್ಲ ನೋಡ್ರಿ! ಏನಂದ್ರ ಏನೂ ಆಗಿಲ್ಲ!"