ಮುಂದಿನ ಚಕ್ರ

ಜೋಸಿಯಾನ್ ಮಂಡಿನೋವು ಅಂತ ಹೇಳಿ ಹೊರಡುವುದನ್ನು ಎರಡು ದಿನ ಮುಂದೂಡಿದ್ದಳು. ಅವರು ಡೇರೆ ಹಾಕಿದ್ದ ಹೊಲದ ಒಡತಿ ಯುಗೆತ್ ಅದನ್ನು ನಂಬಿ, ತೋಟದಿಂದ ಎಲೆಕೋಸಿನ ದೊಡ್ಡ ಎಲೆ ಕಿತ್ತು, ಲಟ್ಟಣಿಗೆಯಲ್ಲಿ ನರ ಜಜ್ಜಿ, ಮಂಡಿಗೆ ಸುತ್ತಿ ಬಟ್ಟೆ ಕಟ್ಟಿಕೊಟ್ಟಿದ್ದಳು. ನೋವಿಲ್ಲದ ಮಂಡಿಗೆ ಔಷಧಿ ಕಟ್ಟಿಸಿಕೊಂಡು ಕೂರುವುದು ಜೋಸಿಯಾನ್‌ಗೆ ನಾಚಿಕೆಯೆನಿಸಿತು, ಆದರೂ ಕೂತಳು. ಮೂರನೆಯ ದಿನ ಬೆಳಿಗ್ಗೆ ಗಂಡ ರೆಜಿಸ್ ಅವಳು ಬಾವಿಕಟ್ಟೆಯವರೆಗೆ ಕುಂಟದೆ ಹೋಗಿಬಂದದ್ದನ್ನು ನೋಡಿ, ಮಂಡಿ ಚೆನ್ನಾಗಾಯ್ತು, ತಿಂಡಿ ತಿಂದು ಹೊರಡೋಣ ಅಂದ. ಅವನು ಮುಖಕ್ಷೌರಕ್ಕೆ ಹೋದ ಹತ್ತು ನಿಮಿಷದಲ್ಲಿ ಅವಳು ಕೊಟ್ಟಿಗೆಗೆ ಹೋಗಿ, ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ, ಅಂಗಳದ ಮೂಲೆಯಲ್ಲಿ ಬ್ರೆಡ್ ಸುಡಲು ಕಟ್ಟಿದ್ದ, ಈಗ ಪಾಳುಬಿದ್ದ ಕಲ್ಲಿನ ಗೂಡಿನೊಳಗೆ ತಳ್ಳಿ ಬಾಗಿಲು ಮುಚ್ಚಿಬಿಟ್ಟಳು.

ಅದು ಇಬ್ಬರು ತುಳಿಯುವ ಉದ್ದನೆಯ ಸೈಕಲ್ಲು. ಇಪ್ಪತ್ತಾರು ಬೇಸಿಗೆ ಅದರ ಮೇಲೆ ಕಳೆದಿವೆ. ಉತ್ತರದ ರುಬೆ ಊರಿನ ನೂಲಿನ ಗಿರಣಿಯಲ್ಲಿ ಮೆಕ್ಯಾನಿಕ್ ಆಗಿದ್ದ ರೆಜಿಸ್ ಮುಂದೆ, ಅವಳು ಹಿಂದೆ. ಹ್ಯಾಂಡಲ್ಲು ಅವನದು, ಬ್ರೇಕು ಎರಡೂ ಅವನವು. ಹಿಂದೆ ಕೂತವಳಿಗೆ ಕಾಣುವುದು ಗಂಡನ ಬೆನ್ನು ಮತ್ತು ಅಕ್ಕಪಕ್ಕದ ಹೊಲ. ಅಷ್ಟು ವರ್ಷ ಅವಳಿಗೆ ಅದೇ ಸಾಕಾಗಿತ್ತು. ಈ ಸಲ ಉತ್ತರದಿಂದ ಹೊರಟು ಈ ಕ್ರೇಸ್ ಸೀಮೆಗೆ ಬರುವ ಹೊತ್ತಿಗೆ ಸಾಕಾಗಲಿಲ್ಲ. ಇಲ್ಲಿಗೆ ಬರುವ ಹಿಂದಿನ ಮಧ್ಯಾಹ್ನ, ಕೂಡುರಸ್ತೆಯಲ್ಲಿ ನಿಲ್ಲಬೇಕಾದ ಕಡೆ ರೆಜಿಸ್ ಬ್ರೇಕು ಮುಟ್ಟಲೇ ಇಲ್ಲ. ಮರದ ದಿಮ್ಮಿ ಹೊತ್ತ ಲಾರಿಯೊಂದು ಅವಳ ಮೊಣಕೈಗೆ ಗಾಳಿ ತಾಗುವಷ್ಟು ಹತ್ತಿರ ಹಾದುಹೋಯಿತು. ಸಂಜೆ ಅದರ ಮಾತು ತೆಗೆದರೆ ಅವನು ಸೂಪಿನ ಬಟ್ಟಲಿಂದ ತಲೆಯೆತ್ತಿ, ಯಾವ ಲಾರಿ ಅಂತ ಕೇಳಿದ. ತಮಾಷೆಗೆ ಕೇಳಿದ್ದಲ್ಲ.

ಚಕ್ರ ಇಲ್ಲ ಅಂತ ಗೊತ್ತಾದ ಕೂಡಲೇ ಅವನು ಕೂಗಾಡಿಯಾನು, ಕಳ್ಳರನ್ನು ಬೈದಾನು, ಆ ಗಲಾಟೆಯಲ್ಲಿ ಇನ್ನೊಂದು ದಿನ ಕಳೆದೀತು, ಅಷ್ಟರೊಳಗೆ ಮಗಳಿಗೆ ಫೋನು ಮಾಡಿ ಕಾರು ತರಿಸಬಹುದು. ಅವಳ ಲೆಕ್ಕಾಚಾರ ಇಷ್ಟೇ. ಆದರೆ ಕೊಟ್ಟಿಗೆಯಿಂದ ಅವನು ಹೊರಗೆ ಬಂದಾಗ ಮುಖ ಬಿಳಿಚಿತ್ತು. ಬಂದು ಅವಳ ಪಕ್ಕ ಕೂತು, ಕಾಫಿ ಬಟ್ಟಲು ಹಿಡಿದು, ಮೆಲ್ಲಗೆ ಹೇಳಿದ:

"ನಿನ್ನ ಮಂಡಿಗೆ ಇನ್ನೊಂದ್ ದಿನ ರೆಸ್ಟ್ ಇರ್ಲಿ ಕಣೇ. ಅವಸರ ಏನಿದೆ ನಮ್ಗೆ."

ಜೋಸಿಯಾನ್‌ಗೆ ಬೇಕಾದದ್ದು ಅದೇ. ಆದರೆ ಚಕ್ರದ ಮಾತನ್ನೇ ಅವನು ಎತ್ತಲಿಲ್ಲ.

ಆಮೇಲೆ ಅವನು ಹುಡುಕಲು ಶುರುಮಾಡಿದ. ಹುಡುಕುತ್ತಿದ್ದೇನೆ ಅಂತ ಯಾರಿಗೂ ತಿಳಿಯದ ಹಾಗೆ ಹುಡುಕಿದ. ಕೆಂಪು ಹಸುಗಳನ್ನು ನೋಡಿಬರುತ್ತೇನೆ ಅಂದು ಹುಲ್ಲಿನ ಬಣವೆ ಸುತ್ತಿದ, ಕೋಳಿಗೂಡಿನ ಹಿಂದೆ ಬಗ್ಗಿದ, ಚೆಸ್ಟ್‌ನಟ್ ಮರಗಳ ಕೆಳಗೆ ತುರಿಕೆಗಿಡದ ಪೊದೆಯನ್ನು ಕೋಲಿನಿಂದ ಸರಿಸಿದ. ಬ್ರೆಡ್ ಗೂಡಿನ ಮುಂದೆ ಎರಡು ಸಲ ಹಾದುಹೋದ. ಜೋಸಿಯಾನ್ ಯುಗೆತ್‌ಳ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಆಲೂಗಡ್ಡೆ ಹೆಚ್ಚುತ್ತಾ ನೋಡಿದಳು. ಅಂದು ಯುಗೆತ್ ಆಲೂಗಡ್ಡೆ, ಕೆನೆ ತುಂಬಿ ಸುಡುವ ದೊಡ್ಡ ಕಡುಬು ಮಾಡುವವಳಿದ್ದಳು.

ಯುಗೆತ್‌ಗೆ ವಿಷಯ ಗೊತ್ತಿತ್ತು, ಜೋಸಿಯಾನ್ ಗೂಡಿಗೆ ಚಕ್ರ ತಳ್ಳಿದ್ದನ್ನು ಇದೇ ಕಿಟಕಿಯಿಂದ ಕಂಡಿದ್ದಳು. ಹಿಟ್ಟು ನಾದುತ್ತಾ, ತಲೆಯೆತ್ತದೆ ಅಂದಳು:

"ನಿಮ್ಮ ಯಜಮಾನ್ರು ನನ್ನತ್ರ ಬಂದು, 'ನಿನ್ನೆ ನಾನು ಸೈಕಲ್ ತಗೊಂಡು ಎಲ್ಲಾದ್ರೂ ಹೋಗಿದ್ನಾ' ಅಂತ ಕೇಳಿದ್ರು. ಹೆಂಡ್ತಿಗೆ ಹೇಳ್ಬೇಡಿ ಅಂತ ಬೇರೆ ಅಂದ್ರು. ನೋಡಿ ತಾಯಿ, ಎಪ್ಪತ್ತು ವರ್ಷದಲ್ಲಿ ನಾನು ತೆರಿಗೆಯವ್ರಿಗೆ ಸುಳ್ಳು ಹೇಳಿದೀನಿ, ಪಾದ್ರಿಗೆ ಹೇಳಿದೀನಿ. ಈ ಥರದ್ದು ಹೇಳಿಲ್ಲ."

ಜೋಸಿಯಾನ್ ಚಾಕು ಕೆಳಗಿಟ್ಟಳು. ಆದರೂ ತಕ್ಷಣ ಅವನ ಹತ್ತಿರ ಹೋಗಲಿಲ್ಲ. ಸತ್ಯ ಹೇಳಿದರೆ ಅವನು ಚಕ್ರ ಹಾಕಿ ಹೊರಟೇಬಿಡುತ್ತಾನೆ, ಮುಂದಿನ ಲಾರಿ ಬರೀ ಗಾಳಿ ತಾಗಿಸಿ ಸುಮ್ಮನೆ ಹೋಗುವುದಿಲ್ಲ. ಹೇಳದಿದ್ದರೆ ಈ ಮನುಷ್ಯ ತನ್ನ ತಲೆ ಪೂರ್ತಿ ಕೆಟ್ಟಿತು ಅಂತ ಇವತ್ತೇ ತೀರ್ಮಾನ ಮಾಡಿಕೊಳ್ಳುತ್ತಾನೆ. ಯಾವುದು ಹೆಚ್ಚು ಕೆಟ್ಟದ್ದು ಅಂತ ಅವಳಿಗೆ ಬಗೆಹರಿಯಲಿಲ್ಲ.

ಬಗೆಹರಿಸಿದ್ದು ಒಂದು ಸಣ್ಣ ನೋಟ. ಊಟಕ್ಕೆ ಕರೆಯಲು ಹೋದಾಗ ರೆಜಿಸ್ ಡೇರೆಯ ಮುಂದೆ ಹುಲ್ಲಿನ ಮೇಲೆ ಸೈಕಲ್ಲಿನ ನಾಲ್ಕೂ ಚೀಲ ಸುರುವಿಕೊಂಡು ಕೂತಿದ್ದ. ಮಳೆಯಂಗಿ, ಪಾತ್ರೆ, ಪಂಕ್ಚರ್ ಡಬ್ಬಿ, ಎಲ್ಲ ಸಾಲಾಗಿ ಬಿದ್ದಿದ್ದವು. ಅವನ ಕೈಯಲ್ಲಿ ಕಾಲುಚೀಲ ಇಡುವ ಪುಟ್ಟ ಬಟ್ಟೆಯ ಸಂಚಿ ಇತ್ತು. ಅದರೊಳಗೆ ಕೈಬಿಟ್ಟು, ಚಕ್ರಕ್ಕಾಗಿ ತಳದವರೆಗೂ ತಡಕುತ್ತಿದ್ದ.

ಅವಳು ಅವನೆದುರು ಮಂಡಿಯೂರಿ ಕೂತಳು.

"ಚಕ್ರ ಬಿಚ್ಚಿದ್ದು ನಾನು. ಬ್ರೆಡ್ ಗೂಡಲ್ಲಿದೆ."

ಅವನು ಸಂಚಿಯಿಂದ ಕೈ ಹೊರಗೆ ತೆಗೆದ.

"ನಾನಲ್ವಾ?"

"ನೀನಲ್ಲ."

ರೆಜಿಸ್ ನಕ್ಕುಬಿಟ್ಟ. ಸಂಚಿಯಿಂದಲೇ ಮುಖ ಒರೆಸಿಕೊಂಡು ಮತ್ತೆ ನಕ್ಕ. ಮುದುಕಿಗೆ ಈ ವಯಸ್ಸಲ್ಲಿ ಕಳ್ಳತನದ ಚಟ ಹತ್ತಿದೆ, ಪೊಲೀಸರಿಗೆ ಹೇಳಬೇಕು ಅಂದ. ಕೆನ್ನೆಗೆ ರಕ್ತ ಮರಳಿ ಬಂದಿತ್ತು. ಅಷ್ಟು ಹಗುರಾಗಿ ಅವನನ್ನು ಈ ಬೇಸಿಗೆಯಲ್ಲಿ ಅವಳು ನೋಡಿರಲಿಲ್ಲ. ಆ ನಗು ಅಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು. ಯಾಕೆ ಬಿಚ್ಚಿದೆ ಅಂತ ಅವನು ಕೇಳಿದ, ಅವಳು ಕೂಡುರಸ್ತೆಯ ಕತೆಯನ್ನು ಏನನ್ನೂ ಬಿಡದೆ ಹೇಳಿದಳು. ದಿಮ್ಮಿಗೆ ಕಟ್ಟಿದ್ದ ಕೆಂಪು ಬಟ್ಟೆಯ ಚೂರನ್ನೂ ಹೇಳಿದಳು.

ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಆಮೇಲೆ ಕೇಳಿದ, "ಮಂಡಿ?"

"ಮಂಡಿ ಸುಳ್ಳು."

"ಚಕ್ರ ಸುಳ್ಳು, ಮಂಡಿ ಸುಳ್ಳು. ಲಾರಿ ನಿಜ."

"ಲಾರಿ ನಿಜ, ರೆಜಿಸ್."

"ನಂಗೆ ಹೆಂಗೆ ಗೊತ್ತಾಗ್ಬೇಕು ಹೇಳು. ನನ್ನ ತಲೇಲಿ ಉಳೀದೇ ಇರೋದನ್ನೆಲ್ಲ ಇನ್ಮೇಲೆ ನಿನ್ನ ಬಾಯಿಂದಾನೇ ಕೇಳ್ಬೇಕು ನಾನು. ಬೇರೆ ಯಾರಿದಾರೆ ನಂಗೆ?"

ಅವಳು ಹುಲ್ಲಿನ ಮೇಲೆ ಬಿದ್ದಿದ್ದ ಪಂಕ್ಚರ್ ಡಬ್ಬಿ ಎತ್ತಿ ಚೀಲಕ್ಕೆ ಹಾಕಿದಳು.

ಊಟದ ಹೊತ್ತಿಗೆ ಯುಗೆತ್ ಇಬ್ಬರ ತಟ್ಟೆಗೂ ಕಡುಬಿನ ದೊಡ್ಡ ಹೋಳು ಹಾಕಿದಳು. ಊಟವಾದ ಮೇಲೆ ರೆಜಿಸ್ ಗೂಡಿನಿಂದ ಚಕ್ರ ತೆಗೆದು ಬೂದಿ ಒರೆಸಿ ಜೋಡಿಸಿದ. ಅವನ ಬೆರಳುಗಳಿಗೆ ಯಾವ ಮರೆವೂ ಇರಲಿಲ್ಲ. ಇನ್ನು ಮೇಲೆ ನಾನು ಮುಂದೆ ಕೂರುತ್ತೇನೆ ಅಂದಳು ಜೋಸಿಯಾನ್. ಹಿಂದೆ ಕೂತು ನಿನ್ನ ಬೆನ್ನು ನೋಡುತ್ತಾ ಎಲ್ಲಿಗೆ ಹೋಗುತ್ತಿದ್ದೇನೆ ಅಂತ ತಿಳಿಯದೆ ಕೂರಲಾರೆ ಅಂದ ಅವನು. ಹಾಗಾದರೆ ನಾನು ಹತ್ತುವುದಿಲ್ಲ ಅಂದಳು. ಒಬ್ಬನೇ ತುಳಿದರೆ ಆ ಗಾಡಿ ಏರು ಹತ್ತುವುದಿಲ್ಲ, ಅದು ಇಬ್ಬರಿಗೂ ಗೊತ್ತು. ಕೊನೆಗೆ ರೆಜಿಸ್ ಚೀಲಗಳನ್ನು ಬಿಗಿದು, ರೈಲು ನಿಲ್ದಾಣಕ್ಕೆ ಹದಿನಾಲ್ಕು ಕಿಲೋಮೀಟರು, ನಡೆಯೋಣ ಅಂದ.

ಅವನು ಹ್ಯಾಂಡಲ್ಲು ಹಿಡಿದ. ಅವಳು ಹಿಂದಿನ ಸೀಟಿನ ಮೇಲೆ ಕೈಯಿಟ್ಟಳು. ಕಾರಿನವರು ಹಾರ್ನು ಹೊಡೆದು, ಪಂಕ್ಚರಾ ಅಜ್ಜ, ಅಂತ ಕೂಗಿ ಹೋದರು. ಇಳಿಜಾರಿನಲ್ಲಿ ಭಾರ ಮುಂದಕ್ಕೆ ಎಳೆಯಿತು, ಅವಳು ಸೀಟನ್ನು ಬಿಗಿಯಾಗಿ ಹಿಡಿದುಕೊಂಡಳು.

ಊರಿನಾಚೆ ದೊಡ್ಡ ರಸ್ತೆ ಅಡ್ಡ ಬಂತು. ರೆಜಿಸ್ ಸೈಕಲ್ ನಿಲ್ಲಿಸಿದ.

"ಏನಾದ್ರೂ ಬರ್ತಿದ್ಯಾ?"

ಜೋಸಿಯಾನ್ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ರಸ್ತೆ ಖಾಲಿ.

"ಏನೂ ಇಲ್ಲ. ನಡಿ."

ಅವನು ಹೆಜ್ಜೆ ಕೀಳಲಿಲ್ಲ. ಬ್ರೇಕು ಹಿಡಿದೇ ಎಡಕ್ಕೆ ತಿರುಗಿ ಬಹಳ ಹೊತ್ತು ನೋಡಿದ, ಬಲಕ್ಕೆ ತಿರುಗಿ ಅಷ್ಟೇ ಹೊತ್ತು ನೋಡಿದ, ಮತ್ತೆ ಒಂದು ಸಲ ಎಡಕ್ಕೆ ನೋಡಿದ. ಅವಳು ಸೀಟು ಹಿಡಿದು ಕಾದಳು. ಆಮೇಲೆ ಅವನು ಬ್ರೇಕು ಬಿಟ್ಟ, ಇಬ್ಬರೂ ಸೈಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟಿದರು.