ಹಲ್ಲಿನಲ್ಲಿ ಕೇಳುವವನು

ಅಣ್ಣನ ಎರಡೂ ಕಿವಿ ಚಿಕ್ಕಂದಿನ ಜ್ವರದಲ್ಲೇ ಹೋಗಿದ್ದವು. ಆದರೂ ಪಿಟೀಲು ಮಾಡುತ್ತಿದ್ದ. ಮುರಿದ ಬಾಗಿಲು, ಹಳೇ ಮಂಚ, ಯಾರೋ ಬಿಸಾಕಿದ ಪೆಟ್ಟಿಗೆ, ಯಾವುದಾದರೂ ಸರಿ. ಹಲಗೆಯ ಅಂಚನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ, ಬೆರಳ ಗೆಣ್ಣಿನಿಂದ ತಟ್ಟುವನು. ನಡುಕ ತಲೆಬುರುಡೆಗೆ ಏರಿದರೆ ಹಲಗೆ ಪಾಸು, ಇಲ್ಲದಿದ್ದರೆ ಒಲೆಗೆ. ಬೀದಿಯವರು ಅವನನ್ನು ಮರಕಚ್ಚ ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಂಡವರ ಮಕ್ಕಳೇ ಅವನ ಅಗ್ಗದ ಪಿಟೀಲು ಹಿಡಿದು ಪಾಠಕ್ಕೆ ಹೋಗುತ್ತಿದ್ದರು.

ತಮ್ಮನಿಗೆ ಉಳಿಯನ್ನು ನೆಟ್ಟಗೆ ಹಿಡಿಯಲೂ ಬಾರದು. ಆದರೆ ಅಣ್ಣನ ಪರವಾಗಿ ಮಾತಾಡುವವನು ಅವನೇ, ಹಾಗಾಗಿ ಎಲ್ಲರ ಕಣ್ಣಿಗೆ ಈ ಮಹಾಶಯನೇ ಯಜಮಾನ.

ಒಂದು ದಿನ ಸಂಗೀತಶಾಲೆಯ ಮೇಡಂ ಬಂದರು. "ನಿಮ್ಮಣ್ಣನ್ನ ನಮ್ಮ ಶಾಲೆಗೇ ಕಳಿಸಿಕೊಡಿ. ಇರೋಕೆ ಕೋಣೆ ಕೊಡ್ತೀವಿ. ಮೂರು ತಿಂಗಳು ಬಿಟ್ಟು ಎರಡು ಹಲಗೆ ತರ್ತೀನಿ, ಅವರು ಆರಿಸಲಿ, ನೋಡೋಣ." ಅಣ್ಣನಿಗೂ ಸನ್ನೆಯಲ್ಲಿ ತಿಳಿಸಿದರು. ಅಣ್ಣ ಬಾಯಿತುಂಬ ನಕ್ಕ.

"ಅಣ್ಣ ಉದ್ಧಾರ ಆದ್ರೆ ನನಗಿಂತ ಖುಷಿ ಯಾರಿಗಮ್ಮ?" ಎಂದ ತಮ್ಮ. ಒಳಗೆ ನಡೆದಿದ್ದ ಲೆಕ್ಕವೇ ಬೇರೆ. ಅಣ್ಣ ಹೋದರೆ ಅಂಗಡಿಯಲ್ಲಿ ಉಳಿಯುವುದು ಬೋರ್ಡು ಮಾತ್ರ.

ಅದೇ ವಾರ ಅಣ್ಣನಿಗೆ ದವಡೆ ಹಲ್ಲು ನೋವು ಬಂತು. ಹಲ್ಲಿನ ಡಾಕ್ಟರೂ ಎಲ್ಲರಂತೆ ತಮ್ಮನನ್ನೇ ಕೇಳಿದರು. "ಇದೊಂದು ತೆಗೀಬೇಕು. ಉಳಿದವಕ್ಕೆ ವಸಡು ಸ್ವಲ್ಪ ಸಡಿಲ, ಔಷಧಿ ಹಾಕಿದ್ರೆ ಉಳಿಯುತ್ತೆ. ಏನಂತಾರೆ ಕೇಳಿ."

ತಮ್ಮ ಅಣ್ಣನಿಗೆ ಒಂದು ಬೆರಳು ತೋರಿಸಿದ. ಒಂದೇ ಹಲ್ಲು ತಾನೇ ಎಂದು ಅಣ್ಣ ತಲೆಯಾಡಿಸಿದ.

"ಎಲ್ಲಾ ತೆಗೆದುಬಿಡಿ ಅಂತಿದಾನೆ ಡಾಕ್ಟ್ರೇ. ಆಮೇಲೆ ಸೆಟ್ಟು ಕಟ್ಟಿಸ್ಕೋತಾನಂತೆ."

ನಿದ್ದೆಯ ಮದ್ದು ಇಳಿದ ಮೇಲೆ ಅಣ್ಣ ನಾಲಿಗೆಯಿಂದ ಬಾಯೆಲ್ಲ ತಡಕಾಡಿದ. ಎಲ್ಲವೂ ಕೊಳೆತಿದ್ದವು ಎಂದು ತಮ್ಮ ಸನ್ನೆ ಮಾಡಿ ಕಣ್ಣೊರೆಸಿಕೊಂಡ. ಅಣ್ಣನೇ ಅವನನ್ನು ತಬ್ಬಿ ಸಮಾಧಾನ ಮಾಡಿದ. ಇಂಥ ಪಾಪಿಯನ್ನು!

ಮೇಡಂ ಬಂದಾಗ ಅಣ್ಣ ಹಲಗೆ ಕಚ್ಚಿ ತಟ್ಟಿದ. ಕಟ್ಟಿಸಿದ ಹಲ್ಲು ಅಲುಗಾಡಿತೇ ಹೊರತು ಒಳಗೇನೂ ಏರಲಿಲ್ಲ. ಬೆವರಿದ. ಕೊನೆಗೆ ಒಳಗೇ ಸೀಳುಬಿಟ್ಟಿದ್ದ ಹಲಗೆಯನ್ನು ಎತ್ತಿಕೊಟ್ಟ. ಮೇಡಂ ಎರಡೂ ಹಲಗೆ ಎತ್ತಿಕೊಂಡು ಹೊರಟುಹೋದರು.

ತಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇಷ್ಟು ವರ್ಷ ಪಳಗಿದ ಕೈ, ಅಂಗಡಿ ಹೇಗೂ ನಡೆಯುತ್ತದೆ ಎಂದುಕೊಂಡಿದ್ದ. ಆದರೆ ಮುಂದಿನ ಪಿಟೀಲುಗಳು ಒಡಕು ಡಬ್ಬದಂತೆ ಕೂಗಿದವು. ಗಿರಾಕಿಗಳು ವಾಪಸು ತಂದು ಮುಖಕ್ಕೆ ಹಿಡಿದರು. ತಮ್ಮ ರೇಗಿ ಅಣ್ಣನ ಮುಂದಿದ್ದ ಪಿಟೀಲನ್ನು ಕಿತ್ತುಕೊಂಡು ಒಲೆಗೆ ಹಾಕಿದ, ಸ್ಟೂಲು ಮಾಡು ಎಂದು ಸನ್ನೆ ಮಾಡಿದ.

ಅಣ್ಣ ಈಗ ಸ್ಟೂಲು ಮಾಡುತ್ತಾನೆ. ಒಂದೊಂದು ಮುಗಿದಾಗಲೂ ಸೆಟ್ಟನ್ನು ತೆಗೆದಿಟ್ಟು, ಬರೀ ವಸಡಿನಲ್ಲಿ ಸ್ಟೂಲಿನ ಅಂಚು ಕಚ್ಚಿ, ತಟ್ಟಿ, ಕಣ್ಣು ಮುಚ್ಚಿ ಕಾಯುತ್ತಾನೆ. ಆಮೇಲೆ ತಮ್ಮನತ್ತ ತಿರುಗಿ, ಹೇಗಿದೆ ನಾದ ಎಂದು ಸನ್ನೆಯಲ್ಲೇ ಕೇಳುತ್ತಾನೆ. ಚೆನ್ನಾಗಿದೆ ಎಂದು ತಮ್ಮ ತಲೆಯಾಡಿಸುತ್ತಾನೆ.