ಹೊಸ ಶೆಡ್ಡಿನ ಮೊದಲ ಭಾರ

"ನಿನಗೆ ಅನ್ಯಾಯ ಆಗಿದೆ ತಂಗಿ, ಸುಮ್ಮನೆ ಕೂರಬೇಡ," ಅನ್ನುತ್ತಾ ಯೂನಿಯನ್ ಕಾರ್ಯದರ್ಶಿ ತನ್ನ ಊಟದ ತಟ್ಟೆಯನ್ನು ತಂದು ಅವಳ ತಟ್ಟೆಯ ಪಕ್ಕಕ್ಕೇ ಇಟ್ಟ.

ಇಷ್ಟು ವರ್ಷದಲ್ಲಿ ಈ ಮನುಷ್ಯ ಕ್ಯಾಂಟೀನಿನಲ್ಲಿ ಅವಳ ಮೇಜಿಗೆ ಬಂದು ಕೂತದ್ದೇ ಇಲ್ಲ. ತಂಗಿ ಅಂದದ್ದಂತೂ ಇಲ್ಲವೇ ಇಲ್ಲ. ಬಾಯ್ಲರ್ ಮಾಡುವ ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಸನ್ನೆಯಮ್ಮ. ಕ್ರೇನಿನ ಕೆಳಗೆ ನಿಂತು, ಮೇಲೆ ಕ್ಯಾಬಿನ್ನಿನಲ್ಲಿ ಕೂತವನಿಗೆ ಎತ್ತು, ಇಳಿಸು, ನಿಲ್ಲು ಅಂತ ಕೈಸನ್ನೆ ಮಾಡುವ ಕೆಲಸದಲ್ಲಿ ಹನ್ನೊಂದು ವರ್ಷ ಸವೆಸಿದ್ದಳು. ಹೆಸರು ಅಂಟಿಕೊಂಡದ್ದು ಆಗ. ಆಮೇಲೆ ಪರೀಕ್ಷೆ ಪಾಸು ಮಾಡಿ, ತಾನೇ ಏಣಿ ಹತ್ತಿ ಕ್ರೇನ್ ನಡೆಸಲು ಶುರು ಮಾಡಿ ನಾಲ್ಕು ವರ್ಷವಾಯಿತು. ಅವಳು ಮೇಲೆ ಹತ್ತಿದರೂ ಹೆಸರು ಮಾತ್ರ ಕೆಳಗೇ ನಿಂತಿತ್ತು.

"ಯಾವ ಅನ್ಯಾಯ?" ಅಂದಳು, ತಟ್ಟೆಯಿಂದ ಕಣ್ಣೆತ್ತದೆ.

"ಗೊತ್ತಿಲ್ಲದವಳ ಹಾಗೆ ಕೇಳ್ತೀಯಲ್ಲ! ಹೊಸ ಶೆಡ್ಡಿನ ಗೋಡೆ ಮೇಲೆ ಯಾರ ಫೋಟೋ ಬರಬೇಕಾಗಿತ್ತು? ಈಗ ಯಾರದ್ದು ಬರ್ತಾ ಇದೆ?"

ಗೊತ್ತಿಲ್ಲದೆ ಏನು. ಗೊತ್ತಾದ ದಿನದಿಂದ ಅವಳಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಹೊಸ ಶೆಡ್ಡಿನ ಬಾಗಿಲ ಪಕ್ಕದಲ್ಲೇ ಅವಳ ಆಳೆತ್ತರದ ಫೋಟೋ, ಅದರ ಕೆಳಗೆ 'ನಮ್ಮ ಮೊದಲ ಮಹಿಳಾ ಕ್ರೇನ್ ಆಪರೇಟರ್' ಅಂತ ದೊಡ್ಡ ಅಕ್ಷರ, ಉದ್ಘಾಟನೆಯ ದಿನ ಮೊದಲ ಭಾರ ಎತ್ತುವುದೂ ಅವಳೇ ಅಂತ ಮ್ಯಾನೇಜರ್ ಎಲ್ಲರ ಎದುರು ಹೇಳಿದ್ದರು. ಅವಳು ಆಪರೇಟರ್ ಅನ್ನುವುದನ್ನು ಕಾರ್ಖಾನೆ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಅವತ್ತು ಮನೆಗೆ ಹೋಗುವಾಗ ಬಸ್ಸಿನಲ್ಲಿ ಅವಳಷ್ಟಕ್ಕೆ ಅವಳೇ ನಗುತ್ತಿದ್ದಳು. ಪಕ್ಕದ ಸೀಟಿನ ಹೆಂಗಸು ಸ್ವಲ್ಪ ಆಚೆ ಸರಿದು ಕೂತಳು.

ಅಷ್ಟರಲ್ಲಿ ಮೇಷ್ಟ್ರು ದೀರ್ಘ ರಜೆ ಮುಗಿಸಿ ಬಂದರು. ಇಪ್ಪತ್ತು ವರ್ಷದಿಂದ ಶೆಡ್ಡಿನಲ್ಲಿ ಅವರನ್ನು ಮೀರಿಸಿದ ಆಪರೇಟರ್ ಇಲ್ಲ. ಎಲ್ಲರಿಗೂ ಕಲಿಸಿದವರು, ಅದಕ್ಕೇ ಮೇಷ್ಟ್ರು. ಬಂದಾಗ ಕೂದಲು ಭುಜ ಮುಟ್ಟುತ್ತಿತ್ತು, ಕಿವಿಯಲ್ಲಿ ಸಣ್ಣ ಓಲೆ, ಹಾಜರಿಯಲ್ಲಿ ಹೊಸ ಹೆಸರು. "ನಾನು ಒಳಗೆ ಯಾವತ್ತೂ ಹೆಂಗಸೇ. ಇನ್ನು ಮೇಲೆ ಹೊರಗೂ ಹಾಗೇ ಇರ್ತೀನಿ. ಮೇಷ್ಟ್ರು ಬೇಡ, ಅಕ್ಕ ಅನ್ನಿ," ಅಂದಳು. ಒಂದಷ್ಟು ದಿನ ಯಾರ ನಾಲಿಗೆಯೂ ಹೊರಳಲಿಲ್ಲ. ಮ್ಯಾನೇಜರ್ ತಲೆ ಮಾತ್ರ ಚುರುಕಾಗಿ ಓಡಿತು. ಅಕ್ಕ ಹೆಂಗಸು, ಅಕ್ಕನದ್ದು ಇಪ್ಪತ್ತು ವರ್ಷದ ಸರ್ವೀಸು, ಅಂದಮೇಲೆ ಮೊದಲ ಮಹಿಳಾ ಆಪರೇಟರ್ ಅಕ್ಕನೇ ತಾನೇ? ಹೆಡ್ ಆಫೀಸಿಗೂ ಈ ಲೆಕ್ಕ ಬಹಳ ಹಿಡಿಸಿತಂತೆ.

"ಹುಟ್ಟಿದಾಗಿನಿಂದ ಹೆಂಗಸು ನೀನು. ಅಸಲಿ," ಅಂತ ಕಾರ್ಯದರ್ಶಿ ದನಿ ತಗ್ಗಿಸಿದ. "ಸಭೆಯಲ್ಲಿ ಎದ್ದು ಅಷ್ಟು ಹೇಳು, ಸಾಕು. ನಾವೆಲ್ಲ ನಿನ್ನ ಹಿಂದೆ ಇದ್ದೀವಿ."

ಹಿಂದೆ ಇದ್ದಾರಂತೆ! ಅವಳು ಮೊದಲ ದಿನ ಕ್ರೇನ್ ಹತ್ತಲು ಹೋದಾಗ ಏಣಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಬೀಗದ ಕೈ ಇದ್ದದ್ದು ಇದೇ ಮಹಾಶಯನ ಜೇಬಿನಲ್ಲಿ. ಶೆಡ್ಡಿಗೆ ಶೆಡ್ಡೇ ನೋಡುತ್ತಾ ನಿಂತಿರುವಾಗ, ಊಟ ಮುಗಿಸಿ ಹಲ್ಲಿನಲ್ಲಿ ಕಡ್ಡಿ ಆಡಿಸುತ್ತಾ ನಿಧಾನಕ್ಕೆ ಬಂದಿದ್ದ. "ಹೆಂಗಸು ಮೇಲೆ ಕೂತ್ರೆ ಕೆಳಗಿರೋರ ಜೀವಕ್ಕೆ ಯಾರು ಹೊಣೆ?" ಅಂತ ಸಭೆಯಲ್ಲಿ ಕೇಳಿದವನೂ ಇವನೇ.

"ಆ ಬೀಗದ ಕೈ ಇನ್ನೂ ಇಟ್ಕೊಂಡಿದ್ದೀಯಾ ಅಣ್ಣ, ಇಲ್ಲ ಎಲ್ಲಾದ್ರೂ ಬಿಸಾಕಿದ್ಯಾ?" ಅಂತ ಕೇಳಿದಳು.

"ಹಳೇದನ್ನೆಲ್ಲ ಯಾಕೆ ಕೆದಕ್ತೀಯ ಬಿಡು," ಅಂತ ಅವನು ಹಲ್ಲು ಕಿರಿದ.

ಅವನನ್ನು ಎಬ್ಬಿಸಿ ಕಳಿಸಿದ್ದಾಯಿತು. ಆದರೆ ಅವನ ಮಾತಿನಲ್ಲಿ ಅರ್ಧ ಅವಳ ಹೊಟ್ಟೆಯೊಳಗೂ ಇತ್ತಲ್ಲ, ಅದನ್ನು ಎಲ್ಲಿಗೆ ಕಳಿಸುವುದು? ಅಂಥವನ ಬಾಯಲ್ಲಿ ತನ್ನ ಮಾತು ಕೇಳಬೇಕಾಯಿತಲ್ಲ ಅಂತ ಅವಳಿಗೆ ಮೈ ಪರಚಿಕೊಳ್ಳುವಂತಾಯಿತು.

ಮ್ಯಾನೇಜರ್ ಕೋಣೆಗೆ ಹೋದರೆ ಅಲ್ಲಿ ಇನ್ನೊಂದು ರಾಗ. "ಕಾಲ ಬದಲಾಗ್ತಾ ಇದೆ. ನೀವು ದೊಡ್ಡ ಮನಸ್ಸು ಮಾಡಬೇಕು," ಅಂದರು ಮ್ಯಾನೇಜರ್.

"ನನ್ನ ಮನಸ್ಸಿನ ಅಳತೆ ತಗೊಳ್ಳೋಕೆ ಎಲ್ರಿಗೂ ಈಗ್ಲೇ ಪುರಸೊತ್ತಾಯ್ತಾ ಸಾರ್? ಅಷ್ಟು ದೊಡ್ಡ ಗೋಡೆ ಇದೆ. ಇಬ್ಬರದ್ದೂ ಹಾಕಿ."

"ಮೊದಲನೆಯವರು ಅಂದ್ರೆ ಒಬ್ಬರೇ ಅಲ್ವೇನಮ್ಮ?"

"ಹಾಗಾದ್ರೆ ಮೊದಲ ಅನ್ನೋ ಪದ ತೆಗೀರಿ."

"ತೆಗೆದ್ರೆ ಅದರಲ್ಲಿ ಏನು ವಿಶೇಷ ಉಳೀತು?" ಅಂದರು ಅವರು, ತೀರಾ ಪ್ರಾಮಾಣಿಕವಾಗಿ. ಅವಳಿಗೆ ಅಲ್ಲೇ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಮನೆಯಲ್ಲಿ ಅತ್ತೆ ಸೊಸೆಯ ನೀಲಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದರು. ಫೋಟೋ ಸುದ್ದಿ ಬಂದಾಗಿನಿಂದ ಅದಕ್ಕೆ ದಿನಾ ಇಸ್ತ್ರಿ. "ಹಲ್ಲು ಕಾಣೋ ಹಾಗೆ ನಗಬೇಡ, ಮುಖ ಅಗಲ ಆಗುತ್ತೆ," ಅಂತ ಬುದ್ಧಿಮಾತು ಬೇರೆ. ವಿಷಯ ಕೇಳಿ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದವರು ಹಾಗೇ ನಿಂತರು.

"ನಿಮ್ಮ ಮೇಷ್ಟ್ರು ಹೆಂಗಸಾಗಿದ್ದಾರಂತಾ? ಆಗ್ಲಿ ಬಿಡು. ಬರೋಕೆ ಹೇಳು, ರಾಶಿ ಪಾತ್ರೆ ಬಿದ್ದಿದೆ ತೊಳೆಯೋಕೆ. ಇಷ್ಟೆಲ್ಲ ಆಸೆ ಪಟ್ಟು ಬರೋ ಅಂಥದ್ದು ಇಲ್ಲಿ ಏನಿದೆ ಅಂತ ಆ ಪುಣ್ಯಾತ್ಗಿತ್ತಿ ಬಂದ್ಳೋ!" ಅಂದರು. ಆಮೇಲೆ ಮೆಲ್ಲಗೆ, "ನಿನ್ನದು ಬರಲ್ವಾ ಹಾಗಾದ್ರೆ?" ಅಂತ ಕೇಳಿದರು.

ಆ ಪ್ರಶ್ನೆ ಕೇಳಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಮರುದಿನ ಪಾಳಿ ಬದಲಾಗುವಾಗ ಏಣಿ ಹತ್ತಿ ಸೀದಾ ಮೇಲೆ ಹೋದಳು. ಅಕ್ಕ ಕ್ಯಾಬಿನ್ನಿನಿಂದ ಇಳಿಯಲು ಹೊರಟಿದ್ದಳು. ಕೈಯಲ್ಲಿ ಇನ್ನೂ ತುಂಬಿಯೇ ಇದ್ದ ನೀರಿನ ಬಾಟಲಿ. ಕೆಲಸದ ವೇಳೆಯಲ್ಲಿ ಅಕ್ಕ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಳು. ಗಂಡಸರ ಶೌಚಾಲಯಕ್ಕೆ ಹೋದರೆ ಶಿಳ್ಳೆ, ಹೆಂಗಸರದ್ದಕ್ಕೆ ಹೋದರೆ ಪಿಸುಪಿಸು. ಗೇಟಿನ ಹತ್ತಿರ ಕಾವಲುಗಾರನ ಕೋಣೆಯ ಹಿಂದಿನದ್ದೊಂದೇ ಗತಿ. ಇದೆಲ್ಲ ಸನ್ನೆಯಮ್ಮನಿಗೆ ಗೊತ್ತಿತ್ತು. ಗೊತ್ತಿದ್ದರೂ ಇವತ್ತು ಕರುಣೆ ಪಡುವ ಮನಸ್ಸಿರಲಿಲ್ಲ.

"ನೀನು ಬೇಡ ಅನ್ನಬಹುದಿತ್ತು," ಅಂದಳು.

"ಅನ್ನಬಹುದಿತ್ತು. ಅನ್ನಲಿಲ್ಲ," ಅಂದಳು ಅಕ್ಕ. "ನನಗೂ ಬೇಕಾಗಿತ್ತು ಕಣೆ."

"ಇಪ್ಪತ್ತು ವರ್ಷ ಮೇಷ್ಟ್ರೇ ಮೇಷ್ಟ್ರೇ ಅಂತ ಕೂತಲ್ಲಿಗೆ ಟೀ ತಂದು ಕೊಟ್ರು. ಈ ಏಣಿಗೆ ನಿನಗೋಸ್ಕರ ಯಾರಾದ್ರೂ ಬೀಗ ಹಾಕಿದ್ರಾ? ಹತ್ತುವಾಗ ಕೆಳಗೆ ನಿಂತು ನೋಡಿದ್ರಾ? ಆ ಮರ್ಯಾದೇನೂ ನಿನಗೆ, ಈ ಫೋಟೋನೂ ನಿನಗೆ! ನನಗೆ ಏನು ಮಿಕ್ಕಿತು?"

ಅಕ್ಕ ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಂತಳು. "ಬೀಗ ಹಾಕಲಿಲ್ಲ, ನಿಜ. ಅವರು ಟೀ ತಂದು ಕೊಟ್ಟಿದ್ದು ಇನ್ಯಾರಿಗೋ. ಅವನ ವೇಷ ಹಾಕ್ಕೊಂಡು ನಾನು ಕುಡೀತಿದ್ದೆ. ಈ ಡಬ್ಬದೊಳಗೆ ಒಬ್ಬಳೇ ಇದ್ದಾಗ ಮಾತ್ರ ಉಸಿರು ಸರಾಗ ಆಡೋದು. ಒಂದು ಸಲ, ಒಂದೇ ಸಲ, ನಾನು ಇಂಥವಳು ಅಂತ ಗೋಡೆ ಮೇಲೆ ಬರೀಲಿ ಅಂತ ಆಸೆ ಆಯ್ತು. ತಪ್ಪಾ?"

"ನನ್ನ ಗೋಡೆನೇ ಆಗಬೇಕಿತ್ತಾ?"

"ನಿನಗೆ ಕಲಿಸಿದ್ದು ಯಾರೇ?" ಅಕ್ಕನ ದನಿಯೂ ಏರಿತು.

ಕಲಿಸಿದ್ದು ಮೇಷ್ಟ್ರೇ, ಅಕ್ಕನೇ. ಊಟದ ಹೊತ್ತಿನಲ್ಲಿ ಶೆಡ್ಡು ಖಾಲಿಯಾದಾಗ ಯಾರಿಗೂ ಗೊತ್ತಾಗದ ಹಾಗೆ ಮೇಲೆ ಹತ್ತಿಸಿ, ಕೊಕ್ಕೆಗೆ ಅಂಚಿನ ತನಕ ನೀರು ತುಂಬಿದ ಬಕೆಟ್ಟು ಸಿಕ್ಕಿಸಿ, ಈ ಗೋಡೆಯಿಂದ ಆ ಗೋಡೆಗೆ ಒಯ್ದು ತೋರಿಸು ಅನ್ನುತ್ತಿದ್ದರು. ಮೊದಲೆಲ್ಲ ಅರ್ಧ ಶೆಡ್ಡು ಒದ್ದೆ. ಬೈಯುತ್ತಿರಲಿಲ್ಲ. ತಾವೇ ನೆಲ ಒರೆಸಿ, ಮತ್ತೆ ಬಕೆಟ್ಟು ತುಂಬಿಸುತ್ತಿದ್ದರು. "ಎತ್ತು ಅನ್ನೋ ಹಕ್ಕು ಕೆಳಗೆ ನಿಂತ ಒಬ್ಬರಿಗೆ ಮಾತ್ರ. ನಿಲ್ಲು ಅನ್ನೋ ಹಕ್ಕು ಎಲ್ಲರಿಗೂ ಇದೆ, ಗುಡಿಸೋರಿಗೂ ಇದೆ. ಮುಷ್ಟಿ ಕಂಡ್ರೆ ನಿಲ್ಲಿಸಬೇಕು. ಮುಷ್ಟಿ ಇಳಿಯೋ ತನಕ ಅಲ್ಲಾಡಬಾರದು," ಅಂತ ಪಾಠ. ಅವಳು ಪಾಸಾದ ದಿನ ಕಾರ್ಖಾನೆಯಲ್ಲಿ ಬೆನ್ನು ತಟ್ಟಿದ್ದು ಅದೊಂದೇ ಕೈ.

ಇಷ್ಟೆಲ್ಲ ನೆನಪಾಯಿತು. ನೆನಪಾದದ್ದಕ್ಕೇ ಇನ್ನಷ್ಟು ರೇಗಿತು. "ಕಲಿಸಿದ್ದಕ್ಕೆ ವಸೂಲಿಗೆ ಬಂದೆಯಾ?" ಅಂದುಬಿಟ್ಟಳು.

ಅಕ್ಕ ಅವಳನ್ನು ದಾಟಿಕೊಂಡು, ಒಂದೊಂದೇ ಮೆಟ್ಟಿಲು ಹಿಡಿದು ಇಳಿದು ಹೋದಳು. ಥೂ, ಈ ಹಾಳು ಬಾಯಿ, ಅಂತ ಸನ್ನೆಯಮ್ಮ ಕ್ಯಾಬಿನ್ನಿನ ಕುರ್ಚಿಯಲ್ಲಿ ಕುಸಿದಳು. ಕುರ್ಚಿ ಇನ್ನೂ ಬೆಚ್ಚಗಿತ್ತು.

ಸಭೆಯ ದಿನ ಅವಳು ಎದ್ದು ನಿಂತಳು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದಳು. "ನಾಲ್ಕು ವರ್ಷದಿಂದ ಕ್ರೇನ್ ನಡೆಸ್ತಾ ಇದ್ದೀನಿ. ಒಂದು ದಿನಾನೂ ಯಾರೂ..." ಅನ್ನುವಷ್ಟರಲ್ಲಿ ಕಾರ್ಯದರ್ಶಿ ಮೈಕು ಹಿಡಿದ. "ಕೇಳಿದ್ರಾ? ನಮ್ಮ ತಂಗಿಯ ಕಣ್ಣೀರು ನೋಡಿದ್ರಾ?" ಅಂದ. ಅವಳ ಕಣ್ಣಿನಲ್ಲಿ ಒಂದು ಹನಿಯೂ ಇರಲಿಲ್ಲ. "ನಾನು ಅದನ್ನ ಹೇಳ್ತಾ ಇಲ್ಲ," ಅಂತ ಅವಳು ಕೂಗಿದ್ದು ಚಪ್ಪಾಳೆಯಲ್ಲಿ ಮುಳುಗಿಹೋಯಿತು. ಆಮೇಲೆ ಶುರುವಾಯಿತು ನೋಡಿ ವಾದ. ಹೆಂಗಸು ಅಂದರೆ ಯಾರು, ಯಾರು ಅಲ್ಲ, ಹುಟ್ಟು ಮುಖ್ಯವೋ ಮನಸ್ಸು ಮುಖ್ಯವೋ ಅಂತ ಗಂಡಸರೆಲ್ಲ ಸೇರಿ ಗಂಟಲು ಹರಿದುಕೊಂಡರು. ಮನೆಯಲ್ಲಿ ಹೆಂಡತಿಗೆ ಎರಡು ಮಾತಾಡಲು ಬಿಡದವರು ಇಲ್ಲಿ ಹೆಣ್ಣಿನ ಗೌರವದ ಬಗ್ಗೆ ಭಾಷಣ ಬಿಗಿದರು. ಹಿಂದಿನ ಸಾಲಿನಲ್ಲಿ ಅಕ್ಕ ತಲೆ ತಗ್ಗಿಸಿ ಕೂತಿದ್ದಳು. ಕೆಲಸದ ಬಗ್ಗೆ, ಇಬ್ಬರ ಕೈಯ ಬಗ್ಗೆ, ಕೊನೆಯ ತನಕ ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ವಿವಾದ ಬೇಡ ಅಂತ ಮ್ಯಾನೇಜರ್ ಕೈ ತೊಳೆದುಕೊಂಡರು. ಗೋಡೆಯ ಮೇಲೆ ಯಾರ ಫೋಟೋವೂ ಇಲ್ಲ, ಬರೀ ಕ್ರೇನಿನದ್ದು. ಮೊದಲ ಭಾರ ಎತ್ತುವುದು ಎಲ್ಲರ ಪ್ರತಿನಿಧಿಯಾಗಿ ಕಾರ್ಯದರ್ಶಿ. ಅವನೂ ಒಂದು ಕಾಲದಲ್ಲಿ ಆಪರೇಟರೇ. ಯೂನಿಯನ್ ಕುರ್ಚಿ ಸಿಕ್ಕಿದ ಮೇಲೆ ಕ್ರೇನಿನ ಲಿವರ್ ಮುಟ್ಟಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. "ಎಲ್ಲರೂ ಇಷ್ಟು ಬಲವಂತ ಮಾಡಿದ ಮೇಲೆ..." ಅಂತ ಅವನು ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡ. ಯಾರೂ ಬಲವಂತ ಮಾಡಿರಲಿಲ್ಲ.

"ಕೆಳಗಿನ ಸನ್ನೆ ನೀವೇ ಮಾಡಿಬಿಡಿ," ಅಂದರು ಮ್ಯಾನೇಜರ್ ಅವಳಿಗೆ. "ನಿಮಗೆ ಅಭ್ಯಾಸ ಇದೆಯಲ್ಲ."

ಉದ್ಘಾಟನೆಯ ಬೆಳಿಗ್ಗೆ ಹೊಸ ಶೆಡ್ಡಿಗೆ ಇನ್ನೂ ಬಣ್ಣದ ವಾಸನೆ. ಮುಂದಿನ ಸಾಲಿನಲ್ಲಿ ಹೆಡ್ ಆಫೀಸಿನವರ ಕುರ್ಚಿಗಳು, ಮಧ್ಯದಲ್ಲಿ ಮೊದಲ ಭಾರ, ರಿಬ್ಬನ್ ಸುತ್ತಿದ, ಟನ್ನುಗಟ್ಟಲೆ ತೂಕದ ಬಾಯ್ಲರ್ ಡ್ರಮ್ಮು. ಸನ್ನೆಯಮ್ಮ ಅತ್ತೆ ಇಸ್ತ್ರಿ ಹಾಕಿಕೊಟ್ಟದ್ದನ್ನೇ ಹಾಕಿಕೊಂಡು ಬಂದು, ಡ್ರಮ್ಮಿಗೆ ಸ್ವಲ್ಪ ದೂರದಲ್ಲಿ ನಿಂತಳು. ಆಚೆ ಬದಿಯಲ್ಲಿ ಅಕ್ಕ ನಿಂತಿದ್ದಳು, ಎರಡೂ ತೋಳಿನ ತುಂಬಾ ಹೂಗುಚ್ಛ. ಅತಿಥಿಗಳಿಗೆ ಹೂ ಕೊಡುವ ಕೆಲಸ ಅವಳಿಗೆ ಬಿದ್ದಿತ್ತು. ಕ್ಯಾಬಿನ್ನಿನಲ್ಲಿ ಜಗಳವಾಡಿದಾಗಿನಿಂದ ಇಬ್ಬರಿಗೂ ಮಾತಿಲ್ಲ. ಸನ್ನೆಯಮ್ಮ ಕಣ್ಣು ತಪ್ಪಿಸಲು ನೋಡಿದಳು. ಆದರೆ ಅಕ್ಕ ನಾಲ್ಕು ಹೆಜ್ಜೆ ಹತ್ತಿರ ಬಂದಳು.

"ಅಂತೂ ನಾನು ಹೆಂಗಸು ಅಂತ ಒಪ್ಕೊಂಡ್ರು ನೋಡೆ," ಅಂದಳು, ಹೂಗುಚ್ಛಗಳನ್ನು ಎತ್ತಿ ತೋರಿಸಿ.

ಸನ್ನೆಯಮ್ಮನಿಗೆ ನಗು ಬಂತು. ಅದರ ಬೆನ್ನಿಗೇ ಅಳು. "ಅವತ್ತು ನಾನು ಅಂದಿದ್ದು..." ಅಂತ ಶುರು ಮಾಡಿದಳು.

"ಕೆಲಸ ನೋಡು. ಮೇಲೆ ಕೂತಿದ್ದಾನೆ," ಅಂದು ಅಕ್ಕ ತನ್ನ ಜಾಗಕ್ಕೆ ಹೋದಳು.

ಭಾಷಣ ಮುಗಿಯಿತು. ಸನ್ನೆಯಮ್ಮ ಕೈಯೆತ್ತಿ ಬೆರಳು ತಿರುಗಿಸಿದಳು. ಮೆಲ್ಲಗೆ ಎತ್ತು ಅಂತ. ಕಾರ್ಯದರ್ಶಿ ಎಲ್ಲಿ ಮೆಲ್ಲಗೆ ಎತ್ತಿಯಾನು? ಲಿವರನ್ನು ಒಂದೇ ಸಲಕ್ಕೆ ಎಳೆದ. ಡ್ರಮ್ಮು ನೆಲ ಬಿಟ್ಟದ್ದೇ ತಡ, ಸನ್ನೆಗೂ ಕಾಯದೆ, ಕ್ಯಾಮೆರಾಗಳಿರುವ ಕಡೆಗೆ ಕ್ರೇನನ್ನು ಓಡಿಸಿದ. ಭಾರ ಹಿಂದಕ್ಕೆ ಜೋತು, ಮುಂದಕ್ಕೆ ಬೀಸಿ ಬಂತು. ಬೀಸಿದ್ದು ಸೀದಾ ಕುರ್ಚಿಗಳ ಕಡೆಗೆ. ಅತಿಥಿಗಳು ನಗುತ್ತಲೇ ಇದ್ದರು. ಅವರಿಗೇನು ಗೊತ್ತು!

ಅವಳ ಮುಷ್ಟಿ ತಾನಾಗಿ ಮೇಲೆ ಹೋಯಿತು. ಅದೇ ಕ್ಷಣಕ್ಕೆ ಆಚೆ ಬದಿಯಲ್ಲಿ ಹೂಗುಚ್ಛಗಳು ನೆಲಕ್ಕೆ ಬಿದ್ದ ಸದ್ದು. ಅಕ್ಕನ ಮುಷ್ಟಿಯೂ ಮೇಲಿತ್ತು.

ಕ್ರೇನು ಕಿರುಗುಟ್ಟಿ ನಿಂತಿತು. ಡ್ರಮ್ಮು ಮುಂದಿನ ಸಾಲಿನವರ ಮೊಣಕಾಲಿನ ಹತ್ತಿರದವರೆಗೆ ಬಂದು, ಹಿಂದೆ ಹೋಗಿ, ಮತ್ತೆ ಬಂತು. ಕುರ್ಚಿಗಳು ದಡಬಡ ಸರಿದವು. ಆಮೇಲೆ ಬೀಸು ಕಡಿಮೆಯಾಗುತ್ತಾ ಬಂದು, ಭಾರ ನೇರಕ್ಕೆ ತೂಗಿಕೊಂಡಿತು. ಯಾರಿಗೂ ಏನೂ ಆಗಲಿಲ್ಲ.

"ಸರಿ, ಸರಿ, ಏನೂ ಆಗಿಲ್ಲ," ಅಂತ ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತಾ ಅವಳ ಹತ್ತಿರ ಬಂದರು. "ಇಳಿಸೋಕೆ ಹೇಳಮ್ಮ. ಬೇಗ. ಫೋಟೋ ತೆಗೀಬೇಕು."

ಮೇಲಿನ ಕಿಟಕಿಯಿಂದ ಕಾರ್ಯದರ್ಶಿ ಕತ್ತು ಹೊರಗೆ ಹಾಕಿ, ಮುಷ್ಟಿ ಯಾವಾಗ ಇಳಿಯುತ್ತದೆ ಅಂತ ನೋಡುತ್ತಿದ್ದ. ಹೆಡ್ ಆಫೀಸಿನವರು ನೋಡುತ್ತಿದ್ದರು. ಅವಳು ಯಾರ ಕಡೆಗೂ ನೋಡಲಿಲ್ಲ. ಡ್ರಮ್ಮಿನ ಆಚೆ, ಬಿದ್ದ ಹೂಗಳ ನಡುವೆ ನಿಂತ ಅಕ್ಕನನ್ನು ನೋಡಿದಳು. ಅಕ್ಕನೂ ಅವಳನ್ನೇ ನೋಡುತ್ತಿದ್ದಳು.

"ಏನಮ್ಮಾ, ಕೇಳಿಸ್ತಾ? ಕೈ ಇಳಿಸಿ," ಅಂದರು ಮ್ಯಾನೇಜರ್.

ಅವಳು ಕೈ ಇಳಿಸಲಿಲ್ಲ. ಆಚೆ ಬದಿಯ ಕೈಯೂ ಇಳಿಯಲಿಲ್ಲ. ಇಬ್ಬರ ನಡುವೆ ಡ್ರಮ್ಮು ನಿಶ್ಚಲವಾಗಿ ತೂಗುಬಿದ್ದಿತ್ತು. ಅದಕ್ಕೆ ಸುತ್ತಿದ ರಿಬ್ಬನ್ನಿನ ಒಂದು ತುದಿ ಬಿಚ್ಚಿಕೊಂಡು, ಗಾಳಿಗೆ ಸ್ವಲ್ಪ ಸ್ವಲ್ಪವೇ ಅಲ್ಲಾಡುತ್ತಿತ್ತು.